ಹೆಸರಿನ ಬೆಲೆ, ಸಾಲದ ಭಾರ: ಸಾರ್ವಜನಿಕ ನೀತಿ ವ್ಯಾಸಂಗದ ಆಯ್ಕೆ

ವರ್ತಕ ಹಾಗೂ ಉದ್ದಿಮೆದಾರ ಮನೆತನಗಳ ಮಕ್ಕಳು ಉನ್ನತ ವ್ಯಾಸಂಗಕ್ಕೆ ಹೊರಡುವಾಗ ಬಿ.ಇ., ಸಿ.ಎ., ಎಂ.ಬಿ.ಎ.ಗಳ ಆಚೆಗೆ ನೋಡುವುದು ಒಂದು ಕಾಲಕ್ಕೆ ಅಪರೂಪವಾಗಿತ್ತು. ಈಗ ದಾವಣಗೆರೆಯ ಜವಳಿ ವರ್ತಕರ ಮಗಳಾಗಲಿ, ಪೀಣ್ಯದ ಯಂತ್ರಭಾಗ ತಯಾರಕರ ಮಗನಾಗಲಿ ‘ಸಾರ್ವಜನಿಕ ನೀತಿ’ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆಯುವ ಇಚ್ಛೆಯನ್ನು ಮುಂದಿಟ್ಟರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ದಿನದಿಂದ, ಸರ್ಕಾರದ ಒಂದು ಅಧಿಸೂಚನೆ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಹೇಗೆ ಮುಟ್ಟುತ್ತದೆಂಬುದನ್ನು ಈ ಮಕ್ಕಳು ಮನೆಯಲ್ಲಿಯೇ ಕಂಡು ಬೆಳೆದಿದ್ದಾರೆ.

ಆದರೆ ಪ್ರವೇಶ ಪತ್ರ ಕೈಸೇರಿದಾಗ ಮನೆಯ ಹಿರಿಯರ ಮುಂದೆ ನಿಲ್ಲುವ ಪ್ರಶ್ನೆ ಬೇರೆಯೇ ಆಗಿರುತ್ತದೆ. ಒಂದು ಕಡೆ ಲೋಕವಿಖ್ಯಾತ ವಿಶ್ವವಿದ್ಯಾಲಯ, ಅದರ ಜೊತೆಗೆ ಕೋಟಿಯ ಸಮೀಪಕ್ಕೆ ಬರುವ ಖರ್ಚು. ಇನ್ನೊಂದು ಕಡೆ ಅಷ್ಟೇನೂ ಹೆಸರಿಲ್ಲದ, ಆದರೆ ವಿದ್ಯಾರ್ಥಿವೇತನ ನೀಡುವ ಅಥವಾ ಕಡಿಮೆ ಶುಲ್ಕದ ಸಂಸ್ಥೆ. ಹೆಸರಿಗೆ ಎಷ್ಟು ಬೆಲೆ ತೆರಬಹುದು ಎಂಬುದು ಮೂಲತಃ ಒಂದು ವ್ಯಾಪಾರಿ ಪ್ರಶ್ನೆಯೇ. ಆದುದರಿಂದ ಅದನ್ನು ವ್ಯಾಪಾರಿಯ ದೃಷ್ಟಿಯಿಂದಲೇ ಪರಿಶೀಲಿಸುವುದು ಉಚಿತ.

ಏನಿದು ಪದವಿ?

ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಕಾನೂನು ಮತ್ತು ಆಡಳಿತ ಇವುಗಳನ್ನು ಒಟ್ಟುಗೂಡಿಸಿ, ಸರ್ಕಾರದ ಒಂದು ಯೋಜನೆಯಿಂದ ಯಾರಿಗೆ ಲಾಭ, ಯಾರಿಗೆ ನಷ್ಟ, ಅದಕ್ಕೆ ತಗಲುವ ವೆಚ್ಚವೆಷ್ಟು ಎಂಬುದನ್ನು ಅಳೆಯಲು ಕಲಿಸುವ ವೃತ್ತಿಪರ ಪದವಿ ಇದು. ಅಮೆರಿಕದಲ್ಲಿ ಎಂ.ಪಿ.ಪಿ. ಅಥವಾ ಎಂ.ಪಿ.ಎ. ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ 2 ವರ್ಷ, ಬ್ರಿಟನ್ನಿನ ಆಕ್ಸ್‌ಫರ್ಡ್‌ನ ಬ್ಲಾವಟ್ನಿಕ್ ಶಾಲೆಯಲ್ಲಿ 1 ವರ್ಷ ಇದರ ಅವಧಿ. ವೈದ್ಯಕೀಯ ಅಥವಾ ಲೆಕ್ಕ ಪರಿಶೋಧನೆಯಂತೆ ಈ ಪದವಿ ಯಾವುದೇ ಪರವಾನಗಿಯನ್ನು ಕೊಡುವುದಿಲ್ಲ. ಆದ್ದರಿಂದಲೇ ಸಂಸ್ಥೆಯ ಹೆಸರಿಗೆ ಇಲ್ಲಿ ಅಷ್ಟೊಂದು ಮಹತ್ವ ಬಂದಿದೆ.

ವರ್ತಕರ ಹಣದಿಂದ ಬೆಳೆದ ಪ್ರತಿಷ್ಠೆ

ಇಂದು ಪ್ರತಿಷ್ಠಿತವೆನಿಸಿದ ಈ ಶಾಲೆಗಳ ಮೂಲವನ್ನು ಹುಡುಕಿದರೆ ವ್ಯಾಪಾರಿಗಳ ಗಲ್ಲಾಪೆಟ್ಟಿಗೆಯೇ ಎದುರಾಗುತ್ತದೆ. 1924ರಲ್ಲಿ ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಮ್ಯಾಕ್ಸ್‌ವೆಲ್ ಶಾಲೆಗೆ ಧನ ನೀಡಿದ ಜಾರ್ಜ್ ಹೋಮ್ಸ್ ಮ್ಯಾಕ್ಸ್‌ವೆಲ್ ಅವರು ಪೇಟೆಂಟ್ ವಕೀಲರಾಗಿದ್ದಂತೆ ಪಾದರಕ್ಷೆ ತಯಾರಕರೂ ಆಗಿದ್ದರು. ಮುಂದೆ ಕೆನಡಿ ಶಾಲೆಯೆಂದು ಹೆಸರಾದ ಹಾರ್ವರ್ಡ್‌ನ ಸಂಸ್ಥೆ 1936ರಲ್ಲಿ ತಲೆಯೆತ್ತಿದ್ದು ಕೈಗವಸು ತಯಾರಕ ಲೂಸಿಯಸ್ ಲಿಟ್ಟಾವರ್ ಅವರ 20 ಲಕ್ಷ ಡಾಲರ್ ಕೊಡುಗೆಯಿಂದ.

ಪ್ರಿನ್ಸ್‌ಟನ್ನಿನ ಕಥೆ ಇನ್ನೂ ಬೋಧಪ್ರದವಾದುದು. ಎ ಅಂಡ್ ಪಿ ಎಂಬ ದಿನಸಿ ಅಂಗಡಿಗಳ ಸಮೂಹದ ಸಂಪತ್ತಿಗೆ ವಾರಸುದಾರರಾಗಿದ್ದ ಮೇರಿ ರಾಬರ್ಟ್‌ಸನ್ ಮತ್ತು ಅವರ ಪತಿ ಚಾರ್ಲ್ಸ್ 1961ರಲ್ಲಿ 3.5 ಕೋಟಿ ಡಾಲರ್ ಮೌಲ್ಯದ ಷೇರುಗಳನ್ನು ಅಲ್ಲಿನ ನೀತಿ ಶಾಲೆಗೆ ಕೊಟ್ಟರು. ಪದವೀಧರರು ಸರ್ಕಾರಿ ಸೇವೆಗೆ ಸೇರಬೇಕೆಂಬುದು ದಾನದ ಉದ್ದೇಶವಾಗಿತ್ತು. ಆ ಉದ್ದೇಶ ಈಡೇರುತ್ತಿಲ್ಲವೆಂದು ಅವರ ವಂಶಸ್ಥರು 2002ರಲ್ಲಿ ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದರು. ಅದು 2008ರಲ್ಲಿ ರಾಜಿಯಲ್ಲಿ ಮುಗಿಯಿತು. ಕೊಟ್ಟ ಹಣಕ್ಕೆ ತಕ್ಕ ಫಲ ಬಂದಿತೇ ಎಂದು ದಾನಿಯ ಮನೆಯವರೇ ಕೇಳಬಹುದಾದರೆ, ಸಾಲ ಮಾಡಿ ಶುಲ್ಕ ಕಟ್ಟುವ ತಂದೆತಾಯಿಗಳು ಕೇಳುವುದರಲ್ಲಿ ತಪ್ಪೇನಿಲ್ಲ.

ಇದೇ ಪ್ರಿನ್ಸ್‌ಟನ್ ಶಾಲೆ ತನ್ನ ಎಂ.ಪಿ.ಎ. ವಿದ್ಯಾರ್ಥಿಗಳೆಲ್ಲರ ಬೋಧನಾ ಶುಲ್ಕವನ್ನು ತಾನೇ ಭರಿಸುತ್ತದೆ. ಹೆಸರು ದೊಡ್ಡದಾದಷ್ಟೂ ಖರ್ಚು ದೊಡ್ಡದಾಗಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದೊಂದು ನಿದರ್ಶನ. ನೋಡಬೇಕಾದುದು ಕೈಪಿಡಿಯಲ್ಲಿ ಮುದ್ರಿತವಾದ ಶುಲ್ಕವನ್ನಲ್ಲ. ವಿದ್ಯಾರ್ಥಿವೇತನ ಕಳೆದ ಮೇಲೆ ಉಳಿಯುವ ನಿವ್ವಳ ವೆಚ್ಚವನ್ನು.

ಹೆಸರು ಎಲ್ಲಿ ಚಲಾವಣೆಯಾಗುತ್ತದೆ?

ಸಂಸ್ಥೆಯ ಹೆಸರು ನಾಣ್ಯವಿದ್ದಂತೆ. ಅದು ಎಲ್ಲ ಪೇಟೆಯಲ್ಲಿಯೂ ಒಂದೇ ಬೆಲೆಗೆ ನಡೆಯುವುದಿಲ್ಲ. ವಿಶ್ವಬ್ಯಾಂಕಿನಂತಹ ಅಂತಾರಾಷ್ಟ್ರೀಯ ಸಂಸ್ಥೆಗಳು, ಜಾಗತಿಕ ಸಲಹಾ ಕಂಪನಿಗಳು, ದೊಡ್ಡ ಪ್ರತಿಷ್ಠಾನಗಳು ಇಲ್ಲೆಲ್ಲ ಹೆಸರಿಗೆ ನಿಜವಾದ ಮೌಲ್ಯವಿದೆ. ನೂರಾರು ಅರ್ಜಿಗಳ ನಡುವೆ ಆ ಹೆಸರು ಗಮನ ಸೆಳೆಯುತ್ತದೆ, ಹಳೆಯ ವಿದ್ಯಾರ್ಥಿಗಳ ಬಳಗ ಬಾಗಿಲು ತೆರೆಸುತ್ತದೆ.

ಆದರೆ ಭಾರತೀಯ ಆಡಳಿತ ಸೇವೆಗೆ ಸೇರಬಯಸುವವರಿಗೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯೇ ದಾರಿ. ಅದಕ್ಕೆ ಮಾನ್ಯತೆ ಪಡೆದ ಯಾವುದೇ ಪದವಿ ಸಾಕು, ವಿದೇಶಿ ಸ್ನಾತಕೋತ್ತರ ಪದವಿಗೆ ಒಂದು ಅಂಕವೂ ಹೆಚ್ಚಿಗೆ ಬರುವುದಿಲ್ಲ. ತಜ್ಞರನ್ನು ನೇರವಾಗಿ ಉನ್ನತ ಹುದ್ದೆಗಳಿಗೆ ತೆಗೆದುಕೊಳ್ಳುವ ಪದ್ಧತಿಯನ್ನು ನಂಬುವಂತಿಲ್ಲ. 2024ರ ಆಗಸ್ಟ್‌ನಲ್ಲಿ 45 ಹುದ್ದೆಗಳಿಗೆ ಹೊರಟ ಜಾಹೀರಾತನ್ನು ಕೆಲವೇ ದಿನಗಳಲ್ಲಿ ಹಿಂದೆಗೆದುಕೊಳ್ಳಲಾಯಿತು. ಅಮೆರಿಕದ ಕೇಂದ್ರ ಸರ್ಕಾರದ ಹುದ್ದೆಗಳು ಬಹುಮಟ್ಟಿಗೆ ಆ ದೇಶದ ಪ್ರಜೆಗಳಿಗೆ ಮೀಸಲು. ನೀತಿ ಪದವೀಧರರಿಗೆ ಕೆಲಸ ಕೊಡುತ್ತಿದ್ದ ಅಲ್ಲಿನ ಅಂತಾರಾಷ್ಟ್ರೀಯ ನೆರವು ಸಂಸ್ಥೆ ಯುಎಸ್‌ಏಡ್ 2025ರಲ್ಲಿ ಮುಚ್ಚಿಹೋಯಿತು. ಸ್ವದೇಶದ ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸದ ತೃಪ್ತಿ ಇರಬಹುದು. ಆದರೆ ಅಲ್ಲಿನ ಸಂಬಳದಿಂದ ಡಾಲರ್ ಲೆಕ್ಕದ ಸಾಲ ತೀರುವುದು ಕಷ್ಟಸಾಧ್ಯ.

ವೀಸಾ ನಿಯಮಗಳನ್ನೂ ಗಮನಿಸತಕ್ಕದ್ದು. ಅಮೆರಿಕದಲ್ಲಿ ವ್ಯಾಸಂಗದ ನಂತರ 12 ತಿಂಗಳ ಕೆಲಸಕ್ಕೆ ಅವಕಾಶವಿದ್ದು, ವಿಜ್ಞಾನ–ತಂತ್ರಜ್ಞಾನ ವರ್ಗಕ್ಕೆ ಸೇರಿದ ಪದವಿಗಳಿಗೆ ಮಾತ್ರ ಇನ್ನೂ 24 ತಿಂಗಳು ದೊರೆಯುತ್ತದೆ. ನೀತಿ ಪದವಿಗಳಲ್ಲಿ ಕೆಲವು ಮಾತ್ರ ಈ ವರ್ಗಕ್ಕೆ ಸೇರಿವೆ. 2025ರ ಸೆಪ್ಟೆಂಬರಿನ ಅಧ್ಯಕ್ಷೀಯ ಘೋಷಣೆ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸಿತು. ಅಲ್ಲಿಯೇ ಓದುತ್ತಿರುವವರು ವೀಸಾ ಬದಲಿಸಿಕೊಳ್ಳುವುದಕ್ಕೆ ಇದು ಅನ್ವಯಿಸದೆಂದು ನಂತರ ಸ್ಪಷ್ಟಪಡಿಸಲಾಯಿತಾದರೂ, ನಿಯಮಗಳು ಎಷ್ಟು ಬೇಗ ಬದಲಾಗಬಲ್ಲವೆಂಬುದನ್ನು ಅದು ತೋರಿಸಿತು. ಬ್ರಿಟನ್ ಕೂಡ ವ್ಯಾಸಂಗಾನಂತರದ 2 ವರ್ಷಗಳ ಅವಕಾಶವನ್ನು 2027ರ ಜನವರಿ 1ರಿಂದ ಸಲ್ಲಿಸುವ ಅರ್ಜಿಗಳಿಗೆ 18 ತಿಂಗಳಿಗೆ ಇಳಿಸಲು ನಿರ್ಧರಿಸಿತು.

ಅಸಲು ಮತ್ತು ಬಡ್ಡಿ

ಅಮೆರಿಕದ ಮುಂಚೂಣಿಯ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ ಸುಮಾರು 60 ಸಾವಿರ ಡಾಲರ್ ಆಗುತ್ತದೆ. ಡಾಲರಿಗೆ 90 ರೂ.ಗಳಂತೆ ಲೆಕ್ಕ ಹಾಕಿದರೆ ಇದು 54 ಲಕ್ಷ ರೂ. ವಸತಿ, ಊಟ, ವಿಮೆ ಬೇರೆ. ಅರ್ಧಕ್ಕಿಂತ ಹೆಚ್ಚು ಭಾಗ ವಿದ್ಯಾರ್ಥಿವೇತನ ಮತ್ತು ಮನೆಯ ಉಳಿತಾಯದಿಂದ ಬಂದು, 60 ಲಕ್ಷ ರೂ. ಮಾತ್ರ ಸಾಲವೆಂದು ಭಾವಿಸೋಣ. ಬಡ್ಡಿ ಶೇ. 11. ಪ್ರತಿ ವರ್ಷದ ಆರಂಭದಲ್ಲಿ 30 ಲಕ್ಷ ರೂ. ಬಿಡುಗಡೆಯಾಗಿ, ವ್ಯಾಸಂಗದ 2 ವರ್ಷ ಮತ್ತು ನಂತರದ 1 ವರ್ಷ ಕಂತು ಕಟ್ಟದಿದ್ದರೆ, ಸರಳ ಬಡ್ಡಿಯೇ 16.5 ಲಕ್ಷ ರೂ. ಸೇರಿ ಸಾಲ 76.5 ಲಕ್ಷ ರೂ. ಆಗುತ್ತದೆ. ಅದನ್ನು 10 ವರ್ಷಗಳಲ್ಲಿ ತೀರಿಸಲು ತಿಂಗಳ ಕಂತು ಸುಮಾರು 1.05 ಲಕ್ಷ ರೂ. ಒಟ್ಟು ಪಾವತಿ 1 ಕೋಟಿ 26 ಲಕ್ಷ ರೂ. ದಾಟುತ್ತದೆ.

ಇದೇ ಕ್ರಮದಲ್ಲಿ ದೇಶದೊಳಗಿನ ವ್ಯಾಸಂಗಕ್ಕೆ ಶೇ. 10ರಂತೆ 10 ಲಕ್ಷ ರೂ. ಸಾಲ ಮಾಡಿದರೆ, ಕಂತು ಆರಂಭವಾಗುವ ವೇಳೆಗೆ ಅದು 12.5 ಲಕ್ಷ ರೂ. ಆಗುತ್ತದೆ. 7 ವರ್ಷಗಳ ಮರುಪಾವತಿಗೆ ತಿಂಗಳಿಗೆ ಸುಮಾರು 20,750 ರೂ. ಸಾಕು. ಈ ಎರಡು ಕಂತುಗಳ ನಡುವಿನ 84 ಸಾವಿರ ರೂ. ವ್ಯತ್ಯಾಸವೇ ಹೆಸರಿನ ಮಾಸಿಕ ಬಾಡಿಗೆ. ಹೆಸರಿನಿಂದ ಅಷ್ಟು ಹೆಚ್ಚುವರಿ ವರಮಾನ, ತೆರಿಗೆ ಕಳೆದ ಮೇಲೆ, ಹತ್ತು ವರ್ಷ ಬರುವುದೇ ಎಂಬುದು ಕೇಳಿಕೊಳ್ಳಬೇಕಾದ ಪ್ರಶ್ನೆ.

ವಿನಿಮಯ ದರದ ಅಪಾಯವೂ ಇದೆ. 2015ರ ಸುಮಾರಿಗೆ 65 ರೂ. ಆಸುಪಾಸಿನಲ್ಲಿದ್ದ ಡಾಲರ್ 2025ರ ಡಿಸೆಂಬರಿನಲ್ಲಿ 90 ರೂ. ದಾಟಿತು. ಸಾಲ ರೂಪಾಯಿಯಲ್ಲಿ, ಶುಲ್ಕ ಡಾಲರಿನಲ್ಲಿ ಇರುವಾಗ ಎರಡನೆಯ ವರ್ಷದ ಶುಲ್ಕಕ್ಕೆ ಮೊದಲೇ ಸ್ವಲ್ಪ ಹೆಚ್ಚು ಹಣ ತೆಗೆದಿರಿಸುವುದು ಜಾಣತನ.

ಅಡಮಾನವಾಗುವ ಸೊತ್ತು ಯಾವುದು?

ಸಂಬಳದಾರರ ಕುಟುಂಬಕ್ಕೂ ವರ್ತಕರ ಕುಟುಂಬಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ರೂ. ಮೀರಿದ ಸಾಲಕ್ಕೆ ಸ್ಥಿರಾಸ್ತಿಯಂತಹ ಭದ್ರತೆ ಕೇಳುವುದು ವಾಡಿಕೆ. ಸಣ್ಣ ಉದ್ದಿಮೆದಾರರ ಬಳಿ ಇರುವುದು ಬಹುತೇಕ ಒಂದು ಮನೆ, ಒಂದು ಗೋದಾಮು ಅಥವಾ ಷೆಡ್. ಅದರ ದಸ್ತಾವೇಜು ಈಗಾಗಲೇ ಸಿ.ಸಿ. ಅಥವಾ ಓವರ್‌ಡ್ರಾಫ್ಟ್ ಖಾತೆಗಾಗಿ ಬ್ಯಾಂಕಿನಲ್ಲಿ ಇರುತ್ತದೆ. ಉಳಿದೊಂದು ಆಸ್ತಿಯನ್ನು ಶಿಕ್ಷಣ ಸಾಲಕ್ಕೆ ಅಡವಿಟ್ಟರೆ, ಮುಂದೆ ದೊಡ್ಡ ಆರ್ಡರ್ ಬಂದಾಗ ದುಡಿಯುವ ಬಂಡವಾಳದ ಮಿತಿಯನ್ನು ಏರಿಸಿಕೊಳ್ಳಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಈ ನಷ್ಟ ಯಾವ ಶುಲ್ಕಪಟ್ಟಿಯಲ್ಲಿಯೂ ಕಾಣಿಸದು.

ವ್ಯಾಪಾರದ ಸಿ.ಸಿ. ಖಾತೆಯಿಂದಲೇ ಶುಲ್ಕ ಕಟ್ಟುವುದು ಇನ್ನೂ ಅಪಾಯಕಾರಿ. ವ್ಯಾಪಾರಕ್ಕೆಂದು ಕೊಟ್ಟ ಹಣವನ್ನು ಬೇರೆಡೆಗೆ ತಿರುಗಿಸಿದಂತೆ ಅದನ್ನು ಬ್ಯಾಂಕು ಪರಿಗಣಿಸಬಹುದು. ಮಗನ ಶುಲ್ಕ ಸ್ವಂತ ಖರ್ಚೇ ಹೊರತು ವ್ಯಾಪಾರದ ಖರ್ಚಲ್ಲ. ಶಿಕ್ಷಣ ಸಾಲದ ಬಡ್ಡಿಯನ್ನು 8 ವರ್ಷಗಳವರೆಗೆ ಆದಾಯದಿಂದ ಕಳೆಯುವ ಸೌಲಭ್ಯವೂ ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ವ್ಯಕ್ತಿಗಳಿಗೆ ಮಾತ್ರ ಸೀಮಿತ. ಹೊರದೇಶಕ್ಕೆ ಹಣ ಕಳುಹಿಸುವಾಗ ಮೂಲದಲ್ಲಿ ವಸೂಲಾಗುವ ತೆರಿಗೆಯ ವಿಷಯದಲ್ಲಿ, 2025ರ ಏಪ್ರಿಲ್ 1ರಿಂದ ವಿನಾಯಿತಿಯ ಮಿತಿಯನ್ನು 10 ಲಕ್ಷ ರೂ.ಗೆ ಏರಿಸಿ, ನಿಗದಿತ ಸಂಸ್ಥೆಗಳ ಶಿಕ್ಷಣ ಸಾಲದಿಂದ ಕಳುಹಿಸುವ ಹಣವನ್ನು ಅದರಿಂದ ಹೊರಗಿಡಲಾಯಿತು. ಹಣ ಕಳುಹಿಸುವ ಮುನ್ನ ಲೆಕ್ಕ ಪರಿಶೋಧಕರ ಸಲಹೆ ಪಡೆಯುವುದು ಅಗತ್ಯ.

ಅಲ್ಲಿನವರ ಲೆಕ್ಕ ಬೇರೆ

‘ಹೆಸರಿದ್ದ ಕಡೆಗೇ ಹೋಗು, ಸಾಲದ ಚಿಂತೆ ಬೇಡ’ ಎಂಬ ಸಲಹೆ ಅಮೆರಿಕದಲ್ಲಿ ಕೇಳಿಬಂದರೆ ಅದಕ್ಕೆ ಅಲ್ಲಿನದೇ ಆಧಾರವಿದೆ. 2007ರ ಕಾನೂನೊಂದರ ಪ್ರಕಾರ, ಸರ್ಕಾರ ಅಥವಾ ಲಾಭರಹಿತ ಸಂಸ್ಥೆಗಳಲ್ಲಿ ದುಡಿಯುತ್ತ 120 ಅರ್ಹ ಕಂತುಗಳನ್ನು ಕಟ್ಟಿದವರಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲದ ಉಳಿದ ಭಾಗ ಮನ್ನಾ ಆಗುತ್ತದೆ. ಭಾರತದ ಬ್ಯಾಂಕಿನಲ್ಲಿ ಸಾಲ ಪಡೆದ ವಿದ್ಯಾರ್ಥಿಗೆ ಇಂತಹ ಮನ್ನಾ ಇಲ್ಲ. ಅವರ ಹಾಸಿಗೆಯನ್ನು ನೋಡಿ ನಮ್ಮ ಕಾಲು ಚಾಚುವುದು ತರವಲ್ಲ.

ಮನೆಯ ಸಮೀಪದ ಆಯ್ಕೆಗಳು

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2014ರಲ್ಲಿಯೇ 2 ವರ್ಷಗಳ ಸಾರ್ವಜನಿಕ ನೀತಿ ಸ್ನಾತಕೋತ್ತರ ಪದವಿಯನ್ನು ಆರಂಭಿಸಿದೆ. ತಕ್ಷಶಿಲಾ ಸಂಸ್ಥೆ ಉದ್ಯೋಗದಲ್ಲಿರುವವರಿಗೂ ಅನುಕೂಲವಾಗುವ ಕಿರು ಅವಧಿಯ ನೀತಿ ಶಿಕ್ಷಣ ನೀಡುತ್ತಿದೆ. ಅಂಗಡಿಯ ಹೊಣೆ ಹೊತ್ತುಕೊಂಡೇ ಈ ವಿಷಯವನ್ನು ಪರಿಚಯಿಸಿಕೊಳ್ಳಬಯಸುವ ಮಕ್ಕಳಿಗೆ ಇದು ಕಡಿಮೆ ಖರ್ಚಿನ ಪರೀಕ್ಷೆಯಾಗಬಲ್ಲದು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಅನುಮೋದಿಸಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ, ದೇಶದ ಆಯ್ದ ಸಂಸ್ಥೆಗಳಿಗೆ ಸೇರುವವರಿಗೆ ಭದ್ರತೆ ಇಲ್ಲದೆ ಸಾಲ ದೊರೆಯುತ್ತದೆ. ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ವಿದೇಶವೇ ಗುರಿಯಾದರೆ ಚೀವ್ನಿಂಗ್ ಮತ್ತು ಫುಲ್‌ಬ್ರೈಟ್–ನೆಹರು ವೇತನಗಳಿವೆ. ಇವೆರಡಕ್ಕೂ ಕೆಲಸದ ಅನುಭವ ಬೇಕು. ವ್ಯಾಸಂಗದ ನಂತರ ಸ್ವದೇಶಕ್ಕೆ ಮರಳುವ ಷರತ್ತೂ ಇದೆ. 1892ರಲ್ಲಿ ಜಮ್‌ಷೆಡ್‌ಜಿ ಟಾಟಾ ಸ್ಥಾಪಿಸಿದ ದತ್ತಿನಿಧಿ ಇಂದಿಗೂ ಸಾಲರೂಪದ ವಿದ್ಯಾರ್ಥಿವೇತನ ನೀಡುತ್ತಿದೆ.

ನಿರ್ಧಾರಕ್ಕೆ ಮುನ್ನ

ಮೊದಲನೆಯದಾಗಿ, ಪದವಿಯ ನಂತರ ಯಾವ ಕೆಲಸ, ಯಾವ ದೇಶದಲ್ಲಿ ಎಂಬುದನ್ನು ಮಗ ಅಥವಾ ಮಗಳು ಒಂದು ಹಾಳೆಯಲ್ಲಿ ಬರೆದು ತೋರಿಸಲಿ. ಎರಡನೆಯದಾಗಿ, ಸಂಸ್ಥೆ ಪ್ರಕಟಿಸುವ ಉದ್ಯೋಗ ವರದಿಯ ಸರಾಸರಿಯನ್ನು ನಂಬದೆ, ಹಿಂದಿನ ಮೂರು ವರ್ಷಗಳ ಭಾರತೀಯ ಪದವೀಧರರು ಈಗ ಎಲ್ಲಿದ್ದಾರೆಂದು ಅವರನ್ನೇ ಸಂಪರ್ಕಿಸಿ ತಿಳಿಯಬೇಕು. ಮೂರನೆಯದಾಗಿ, ವಿದೇಶದಲ್ಲಿ ಕೆಲಸ ದೊರೆಯದೆ ಊರಿಗೆ ಮರಳಿದರೆ ಇಲ್ಲಿನ ಸಂಬಳದಲ್ಲಿ ಕಂತು ನಡೆಯುವುದೇ ಎಂದು ಲೆಕ್ಕ ಹಾಕಬೇಕು. ನಡೆಯದಿದ್ದರೆ ಆ ಸಾಲವನ್ನು ಮಾಡಬಾರದು.

ನಾಲ್ಕನೆಯದಾಗಿ, ಚೌಕಾಸಿಗೆ ಸಂಕೋಚಪಡಬಾರದು. ಬೇರೊಂದು ವಿಶ್ವವಿದ್ಯಾಲಯ ಹೆಚ್ಚಿನ ವೇತನ ನೀಡಿದ್ದರೆ ಆ ಪತ್ರವನ್ನು ಲಗತ್ತಿಸಿ, ನೆರವನ್ನು ಪುನರ್ಪರಿಶೀಲಿಸುವಂತೆ ವಿನಯದಿಂದ ಕೇಳುವ ಪದ್ಧತಿ ಅಮೆರಿಕದಲ್ಲಿ ಸಾಮಾನ್ಯ. ಐದನೆಯದಾಗಿ, ಪದವಿ ಮುಗಿದ ಕೂಡಲೇ ಹೊರಡುವ ಬದಲು ಎರಡು ಮೂರು ವರ್ಷ ದುಡಿದರೆ ಅನುಭವ, ಉಳಿತಾಯ ಎರಡೂ ಕೈಗೂಡುತ್ತವೆ. ಸಂಸದರೊಬ್ಬರ ಜೊತೆ ಕೆಲಸ ಮಾಡಿಸುವ ಪಿ.ಆರ್.ಎಸ್. ಸಂಸ್ಥೆಯ ಲ್ಯಾಂಪ್ ಫೆಲೋಶಿಪ್‌ನಂತಹ ಅವಕಾಶಗಳು ಇದಕ್ಕೆ ಒಳ್ಳೆಯ ಮೆಟ್ಟಿಲು.

ಈ ಐದೂ ಪರಿಶೀಲನೆಗಳನ್ನು ದಾಟಿದ ಮೇಲೂ ದೊಡ್ಡ ಹೆಸರಿನ ಸಂಸ್ಥೆಯೇ ಸರಿಯೆಂದು ತೋರಿದರೆ ಧೈರ್ಯದಿಂದ ಕಳುಹಿಸಬಹುದು. ಅದು ಸರಿಹೊಂದದಿದ್ದರೆ ಕಡಿಮೆ ಖರ್ಚಿನ ಸಂಸ್ಥೆಯನ್ನು ಆರಿಸಿಕೊಳ್ಳುವುದು ಮಕ್ಕಳ ಯೋಗ್ಯತೆಗೆ ಕುಂದಲ್ಲ. ಆಯವ್ಯಯ ಪೂರ್ವ ಮನವಿಗಳನ್ನು ಅಂಕಿ ಅಂಶಗಳೊಡನೆ ಸಿದ್ಧಪಡಿಸಬಲ್ಲ, ಅಧಿಸೂಚನೆಯ ಪರಿಣಾಮವನ್ನು ಮುಂಚಿತವಾಗಿ ಅಳೆಯಬಲ್ಲ ತರುಣ ತರುಣಿಯರು ವಾಣಿಜ್ಯ ಸಂಘಗಳಿಗೂ ಕೈಗಾರಿಕಾ ಸಂಘಗಳಿಗೂ ಬೇಕಾಗಿದ್ದಾರೆ. ಅಂತಹವರು ಸಾಲದ ಹೊರೆಯಿಲ್ಲದೆ ಮರಳಿ ಬಂದರೆ, ಹೆಚ್ಚಿನ ಸಂಬಳದ ಕೆಲಸವನ್ನೇ ಹಿಡಿಯಬೇಕೆಂಬ ಒತ್ತಾಯವಿಲ್ಲದೆ, ತಾವು ಓದಿದ್ದನ್ನು ತಮ್ಮೂರಿನ ಪೇಟೆಗೂ ಕೈಗಾರಿಕೆಗೂ ಬಳಸುವ ಸ್ವಾತಂತ್ರ್ಯ ಅವರಿಗೆ ಇರುತ್ತದೆ.