ಗುರುವಿನ ಕಂಠ, ಶಿಷ್ಯೆಯ ಗೆಜ್ಜೆ

1977ರಲ್ಲಿ ಬಂದ ಸತ್ಯಜಿತ್ ರಾಯ್ ಅವರ ‘ಶತರಂಜ್ ಕೇ ಖಿಲಾಡಿ’ ಚಿತ್ರದಲ್ಲಿ ಲಖನೌದ ದರ್ಬಾರಿನ ದೃಶ್ಯವೊಂದಿದೆ. ನವಾಬ ವಾಜಿದ್ ಅಲಿ ಶಾ ಕಥಕ್ ನೋಡುತ್ತಾ ಮೈಮರೆತಿದ್ದಾನೆ. ಕಂಪನಿ ಸರ್ಕಾರದ ಕೆಟ್ಟ ಸುದ್ದಿ ಹೊತ್ತು ಬಂದ ವಜೀರ, ನೃತ್ಯ ಮುಗಿಯುವ ತನಕ ಬಾಯಿ ಬಿಡುವಂತಿಲ್ಲ. ರಾಜ್ಯ ಕೈಬಿಟ್ಟು ಹೋಗುವ ಹೊತ್ತಿನಲ್ಲೂ ತಾಳ ತಪ್ಪಬಾರದು! ಅಲ್ಲಿ ನರ್ತಿಸುತ್ತಿರುವವರು ಶಾಶ್ವತಿ ಸೇನ್. ನೃತ್ಯ ಸಂಯೋಜಿಸಿ, ಅದರ ಠುಮ್ರಿ ಹಾಡನ್ನೂ ತಾವೇ ಹಾಡಿದವರು ಅವರ ಗುರು ಪಂಡಿತ್ ಬಿರ್ಜು ಮಹಾರಾಜ್.

ಠುಮ್ರಿಯ ಅಭಿನಯದಲ್ಲಿ ಸಾಲು ಒಂದೇ, ಭಾವ ಹಲವು. ಕೃಷ್ಣನಿಗೆ ಸೋತ ಗೋಪಿಕೆಯ ಒಂದೇ ಮಾತನ್ನು ಗಾಯಕ ಹೊರಳಿಸಿ ಹೊರಳಿಸಿ ಹಾಡುತ್ತಾನೆ. ನರ್ತಕಿ ಒಮ್ಮೆ ಮುನಿಸು, ಒಮ್ಮೆ ನಾಚಿಕೆ, ಮತ್ತೊಮ್ಮೆ ಶರಣಾಗತಿ ತೋರಬೇಕು. ಗಾಯಕ ಎಲ್ಲಿ ತಿರುಗುತ್ತಾನೆ, ಎಲ್ಲಿ ಉಸಿರು ಹಿಡಿಯುತ್ತಾನೆ ಎಂಬುದು ಅವಳ ಮೈಗೆ ಮೊದಲೇ ಗೊತ್ತಿರಬೇಕು. ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ರಿಯಾಜ್ ಮಾಡದವರಿಗೆ ಇದು ದಕ್ಕುವುದಿಲ್ಲ. ಶಾಶ್ವತಿಯವರ ಹುಬ್ಬು, ಮಣಿಕಟ್ಟು, ಹೆಜ್ಜೆ ಆ ದನಿಗೆ ಓಗೊಡುವ ಬಗೆ ನೋಡಿದರೆ, ಗುರುವಿನ ಮೇಲಿನ ಅಭಿಮಾನ ಏನೆಂದು ಬೇರೆ ಮಾತಿನಲ್ಲಿ ಹೇಳಬೇಕಾಗಿಲ್ಲ. ರೇಬಾ ವಿದ್ಯಾರ್ಥಿ ಅವರಲ್ಲಿ ಕಲಿಕೆ ಆರಂಭಿಸಿದ ಶಾಶ್ವತಿ, ಬಿರ್ಜು ಮಹಾರಾಜರ ಬಳಿಗೆ ಬಂದ ಮೇಲೆ ಅವರ ಕೊನೆಯ ದಿನಗಳವರೆಗೂ ಜೊತೆಯಲ್ಲೇ ಉಳಿದರು. ಗುರುಗಳು 1998ರಲ್ಲಿ ಕಥಕ್ ಕೇಂದ್ರದಿಂದ ನಿವೃತ್ತರಾದ ಮೇಲೆ ದೆಹಲಿಯಲ್ಲಿ ಕಟ್ಟಿದ ‘ಕಲಾಶ್ರಮ’ ನೃತ್ಯಶಾಲೆಗೂ ಹೆಗಲು ಕೊಟ್ಟರು.

ಬಿರ್ಜು ಮಹಾರಾಜರಿಗೆ ಆ ದರ್ಬಾರು ಬರಿಯ ಸೆಟ್ ಆಗಿರಲಿಲ್ಲ. ಪೂರ್ವಿಕ ಠಾಕೂರ್ ಪ್ರಸಾದ್ ಅವರೇ ವಾಜಿದ್ ಅಲಿ ಶಾನಿಗೆ ಕಥಕ್ ಕಲಿಸಿದರೆಂದು ಮನೆತನದವರು ಹೇಳುತ್ತಾರೆ. 1856ರಲ್ಲಿ ಅವಧ್ ಕಂಪನಿಯ ಪಾಲಾಯಿತು, ನವಾಬ ಕಲ್ಕತ್ತೆಯ ದಾರಿ ಹಿಡಿದ. ಅದೇ ಮನೆತನದ ಕಾಲ್ಕಾ–ಬಿಂದಾದೀನ್ ಸೋದರರು ಲಖನೌ ಘರಾಣೆಯನ್ನು ಬೆಳೆಸಿದರು. ಕಾಲ್ಕಾ ಪ್ರಸಾದರ ಮಕ್ಕಳು ಅಚ್ಛನ್, ಲಚ್ಛು, ಶಂಭು. ಅಚ್ಛನ್ ಮಹಾರಾಜರ ಮಗನೇ 1938ರಲ್ಲಿ ಹುಟ್ಟಿದ ಬಿರ್ಜು. ಒಂಬತ್ತರ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ ಹುಡುಗ, ಹದಿಮೂರಕ್ಕೆಲ್ಲ ದೆಹಲಿಯ ಸಂಗೀತ ಭಾರತಿಯಲ್ಲಿ ಪಾಠ ಹೇಳುತ್ತಿದ್ದ. ಚಿಕ್ಕಪ್ಪ ಶಂಭು ಮಹಾರಾಜರ ಶಿಷ್ಯೆ ನಮ್ಮ ಬೆಂಗಳೂರಿನ ಮಾಯಾ ರಾವ್. ಕಥಕ್ ಕನ್ನಡದ ನೆಲದಲ್ಲಿ ಬೇರೂರಿದ್ದರಲ್ಲಿ ಅವರ ಪಾಲು ದೊಡ್ಡದು.

ಈ ಮನೆತನಕ್ಕೆ ಸಿನಿಮಾ ಹೊಸದಲ್ಲ. ‘ಮುಘಲ್-ಎ-ಆಜಮ್’ನಲ್ಲಿ ಮಧುಬಾಲಾ ಕುಣಿದದ್ದು ಲಚ್ಛು ಮಹಾರಾಜರ ಸಂಯೋಜನೆಗೆ. ಆದರೆ ಕಥಕ್‌ ಮತ್ತು ಕ್ಯಾಮೆರಾದ ಲೆಕ್ಕ ಬೇರೆ ಬೇರೆ. ಕಥಕ್‌ನಲ್ಲಿ ಲಯದ ನುಡಿಯಾದ ಬೋಲ್ ಮೊದಲು ಬಾಯಲ್ಲಿ ಕೂರಬೇಕು, ಆಮೇಲೆ ಕಾಲಿಗೆ ಇಳಿಯಬೇಕು. ತೀನ್‌ತಾಲದ 16 ಮಾತ್ರೆಗಳಲ್ಲಿ ಸುತ್ತಿ ಬಂದು, ಒಂದೇ ಬೋಲ್ ಮೂರು ಸಲ ಬರುವ ತಿಹಾಯಿಯ ಕೊನೆಯ ಸಲಕ್ಕೆ ಸರಿಯಾಗಿ, ತಾಳದ ಮೊದಲ ಮಾತ್ರೆಯಾದ ‘ಸಮ್’ ಮೇಲೆ ಹೆಜ್ಜೆ ಊರಿದಾಗಲೇ ಸಭೆ ‘ವಾಹ್’ ಎನ್ನುವುದು. ಸಿನಿಮಾದಲ್ಲಿ ಆ ಓಟದ ನಡುವೆಯೇ ಶಾಟ್ ಮುಗಿಯುತ್ತದೆ. ಆದ್ದರಿಂದ ಪ್ರತಿ ತುಣುಕಿಗೂ ಅದರದೇ ಆದ ನಿಲುಗಡೆ, ಅದರದೇ ಆದ ಚೆಲುವು ಕೂಡಿಸಬೇಕು. ‘ದೇವದಾಸ್’ನಲ್ಲಿ ಮಾಧುರಿ ದೀಕ್ಷಿತ್, ‘ಬಾಜಿರಾವ್ ಮಸ್ತಾನಿ’ಯಲ್ಲಿ ದೀಪಿಕಾ ಪಡುಕೋಣೆ ಕಣ್ಣಿನ ಒಂದು ಹೊರಳಿನಲ್ಲಿ ಪದ್ಯವೊಂದನ್ನು ಮುಗಿಸುವುದು ನೃತ್ಯ ಸಂಯೋಜಿಸಿದ ಬಿರ್ಜು ಮಹಾರಾಜರ ಈ ಕಸುಬಿನಿಂದ. ‘ವಿಶ್ವರೂಪಂ’ ಅವರಿಗೆ ರಾಷ್ಟ್ರಪ್ರಶಸ್ತಿ ತಂದಾಗ ವಯಸ್ಸು 75ರ ಆಸುಪಾಸು. ನೃತ್ಯದಲ್ಲಿ ಅಸಭ್ಯತೆ ಇರಕೂಡದು, ನಾಯಕಿಯ ಉಡುಪು ಘನತೆಯಿಂದಿರಬೇಕು ಎಂಬುದು ಅವರ ಷರತ್ತಾಗಿತ್ತು. ಅದಕ್ಕೇ ಅವರು ಒಪ್ಪಿಕೊಂಡ ಚಿತ್ರಗಳ ಪಟ್ಟಿ ಚಿಕ್ಕದು.

ಅವರು ನೃತ್ಯ ಸಂಯೋಜಿಸಿದ ಹಾಡುಗಳು ಇಂದು ‘ಮಾಧುರಿ ಹಾಡು’, ‘ದೀಪಿಕಾ ಹಾಡು’ ಎಂದೇ ಹೆಸರಾಗಿವೆ. ಮದುವೆಯ ಸಂಗೀತ್ ಕಾರ್ಯಕ್ರಮಕ್ಕೆ ಅವನ್ನೇ ಹತ್ತು ದಿನದಲ್ಲಿ ಕಲಿಸಿಕೊಡಿ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಮೂಲ ಹೆಜ್ಜೆಗಳಾದ ತತ್ಕಾರ್ ಒಂದನ್ನೇ ತಿಂಗಳುಗಟ್ಟಲೆ ತಿದ್ದಿಸಿಕೊಳ್ಳುವ ವಿದ್ಯಾರ್ಥಿಗಳು ವಿರಳ. ಇಂತಹ ವಿದ್ಯೆ ಪುಸ್ತಕದಲ್ಲಿ ಉಳಿಯುವಂಥದ್ದಲ್ಲ. ಗುರುವಿನ ಮೈಯಿಂದ ಶಿಷ್ಯೆಯ ಮೈಗೆ ದಾಟಿದಷ್ಟೇ ಅದರ ಆಯುಸ್ಸು.

2022ರ ಜನವರಿ 17ರಂದು ಬಿರ್ಜು ಮಹಾರಾಜ್ ತೀರಿಕೊಂಡರು. ಅವರ ಹಾಡು, ಅಭಿನಯ, ಲೆಕ್ಕ ಈಗ ಶಿಷ್ಯರ ಬಳಿ ಇವೆ. ಸಿನಿಮಾ ನೋಡಿ ಮೆಚ್ಚಿದ್ದರೆ, ನಿಮ್ಮ ಊರಿನಲ್ಲಿ ಕಥಕ್ ಕಛೇರಿ ನಡೆದಾಗ ಒಂದು ಸಂಜೆ ಹೋಗಿ ಕೂತು ಬನ್ನಿ. ಟಿಕೆಟ್ ಇದ್ದರೆ ಕೊಂಡೇ ಹೋಗಿ.