ತಂಬಾಕು ಬಿಡುವ ರೈತರಿಗೆ
ಧಾರವಾಡ ಸೀಮೆಯ ಹೊಲಗಳಲ್ಲಿ ಬುತ್ತಿ ಉಂಡ ಮೇಲೆ ಚಂಚಿ ಬಿಚ್ಚುವ ರೂಢಿ ಹಳೆಯದು. ಸುಣ್ಣ ಹಚ್ಚಿ ತಿಕ್ಕಿದ ತಂಬಾಕಿನ ನಿಕೋಟಿನ್ ಬಾಯಿಯಿಂದಲೇ ಬೇಗ ರಕ್ತ ಸೇರುತ್ತದೆ; ಚಟ ಗಟ್ಟಿಯಾಗುವುದು ಅದರಿಂದಲೇ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಚಂಚಿಯ ತಂಬಾಕನ್ನು ಮಾತ್ರ ನಾವೇ ಬಿಡಬೇಕು.

ಬಿಟ್ಟ ಮೊದಲ ವಾರ ಸಿಡುಕು, ನಿದ್ರೆಗೇಡು ಸಹಜ. ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತವೆ. ಚಪಲ ಎದ್ದಾಗ:

1. ಅದು ಕೆಲವೇ ನಿಮಿಷದ್ದು. ನೀರು ಕುಡಿದು ಒಂದು ಸಾಲು ಎಡೆ ಹೊಡೆಯಿರಿ.
2. ಚಂಚಿಯಲ್ಲಿ ಪುಟಾಣಿ, ಬಡೇಸೋಪು ತುಂಬಿರಿ. ಅಡಿಕೆ ಬೇಡ, ಅದೂ ಕ್ಯಾನ್ಸರ್‌ಕಾರಕ.
3. ಊಟವಾದೊಡನೆ ಬಾಯಿ ಮುಕ್ಕಳಿಸಿರಿ.
4. ಜೊತೆಗಾರರಿಗೆ ಮೊದಲೇ ತಿಳಿಸಿರಿ.

ಒಮ್ಮೆ ತಪ್ಪಿದರೆ ಕೈಚೆಲ್ಲದೆ ಅಂದೇ ಮತ್ತೆ ಬಿಡಿರಿ. ಉಚಿತ ಸಲಹೆಗೆ ದೂರವಾಣಿ 1800-11-2356. ಬಾಯಿಯ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ.