ಮಕ್ಕಳ ಕೈಯಲ್ಲಿ ಮೊಬೈಲು: ಕ್ರೈಸ್ತ ಗೃಹಸ್ಥರ ಚಿಂತನೆ

ಗೃಹಸ್ಥ ಜೀವನದ ಹೊಣೆಗಳಲ್ಲಿ ಸಂತಾನಪಾಲನೆಯು ಅತ್ಯಂತ ಗುರುತರವಾದುದು. ಹಿಂದೆ ಮನೆಗೆ ಬರುವವರು ಹೊಸ್ತಿಲು ದಾಟಿಯೇ ಬರಬೇಕಾಗಿತ್ತು. ಬಂದವರು ಯಾರು, ಏತಕ್ಕೆ ಬಂದರು ಎಂಬುದು ಹಿರಿಯರಿಗೆ ತಿಳಿಯುತ್ತಿತ್ತು. ಇಂದು ಅಂಗೈಯಗಲದ ಮೊಬೈಲಿನ ಮೂಲಕ ಅಪರಿಚಿತರು ಮಗುವಿನ ಹಾಸಿಗೆಯವರೆಗೂ ಬರುತ್ತಾರೆ. ಈ ಸಂಕಟವು ಯಾವುದೊಂದು ಮತಕ್ಕೆ ಸೀಮಿತವಾದುದಲ್ಲ. ಕ್ರೈಸ್ತ ಸಮಾಜವು ಈ ವಿಷಯವನ್ನು ದೀರ್ಘಕಾಲದಿಂದ ವಿಚಾರ ಮಾಡುತ್ತ ಬಂದಿದೆ. ಆ ವಿಚಾರದ ಸಾರವನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಶಾಸ್ತ್ರದ ಆಧಾರ

ಕ್ರೈಸ್ತ ತಾಯ್ತಂದೆಗಳು ಮುಖ್ಯವಾಗಿ ಎರಡು ವಚನಭಾಗಗಳನ್ನು ಆಶ್ರಯಿಸುತ್ತಾರೆ. ಬೈಬಲ್ಲಿನ ಧರ್ಮೋಪದೇಶಕಾಂಡದ 6ನೆಯ ಅಧ್ಯಾಯವು, ದೇವರ ಆಜ್ಞೆಗಳನ್ನು ಮಕ್ಕಳಿಗೆ ಮನೆಯಲ್ಲಿ ಕುಳಿತಾಗ, ದಾರಿ ನಡೆವಾಗ, ಮಲಗುವಾಗ, ಏಳುವಾಗ ಬೋಧಿಸಬೇಕೆಂದು ವಿಧಿಸುತ್ತದೆ. ಎಫೆಸದವರಿಗೆ ಬರೆದ ಪತ್ರದ 6ನೆಯ ಅಧ್ಯಾಯವು, ಮಕ್ಕಳು ತಂದೆತಾಯಿಗಳ ಮಾತು ಕೇಳಬೇಕೆಂದು ಹೇಳಿ, ಅದರ ಬೆನ್ನಿಗೇ ತಂದೆಗಳು ಮಕ್ಕಳನ್ನು ಕೆರಳಿಸಬಾರದೆಂದೂ ಎಚ್ಚರಿಸುತ್ತದೆ.

ಮೊದಲನೆಯದರಲ್ಲಿ ಹೇಳಿರುವ ನಾಲ್ಕು ಹೊತ್ತುಗಳನ್ನು ವಾಚಕರು ಗಮನಿಸಬೇಕು. ಕುಳಿತಾಗ, ನಡೆವಾಗ, ಮಲಗುವಾಗ, ಏಳುವಾಗ ಎಂಬ ಈ ನಾಲ್ಕು ಹೊತ್ತುಗಳನ್ನೇ ಇಂದು ಮೊಬೈಲು ಆಕ್ರಮಿಸಿಕೊಂಡಿದೆ. ಅದು ಮಗುವಿಗೆ ಏನನ್ನು ತೋರಿಸುತ್ತದೆ ಎಂಬುದು ಒಂದು ಚಿಂತೆ. ತಾಯ್ತಂದೆಗಳು ಮಾತನಾಡಬೇಕಾದ ಹೊತ್ತನ್ನೇ ಕಸಿದುಕೊಳ್ಳುತ್ತದೆ ಎಂಬುದು ಅದಕ್ಕಿಂತ ದೊಡ್ಡ ಚಿಂತೆ.

ರೋಮಿನ ಉಪದೇಶ

ಕಥೋಲಿಕ ಧರ್ಮಸಭೆಯು ಈ ಮಾತನ್ನು ಮೊಬೈಲು ಬರುವ ಮೊದಲೇ ಎತ್ತಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪತ್ರಿಕೆ, ಚಲನಚಿತ್ರ, ಆಕಾಶವಾಣಿ, ದೂರದರ್ಶನ ಮೊದಲಾದ ಮಾಧ್ಯಮಗಳನ್ನು ಕುರಿತು ಒಂದು ಶಾಸನವನ್ನು ಹೊರಡಿಸಿ, ನೀತಿಗೆ ಹಾನಿಕರವಾದುದು ಮನೆಯೊಳಗೆ ನುಸುಳದಂತೆ ಕಾಯುವುದು ತಾಯ್ತಂದೆಗಳ ಗಂಭೀರ ಕರ್ತವ್ಯವೆಂದಿತು. 2007ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಮಾಧ್ಯಮ ದಿನದ ಸಂದೇಶವನ್ನು ಮಕ್ಕಳ ವಿಷಯಕ್ಕೇ ಮೀಸಲಿಟ್ಟು, ಈ ಹೊಣೆಯಲ್ಲಿ ಮಾಧ್ಯಮೋದ್ಯಮಿಗಳಿಗೂ ಪಾಲುಂಟೆಂದು ನೆನಪಿಸಿದರು.

ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬವನ್ನು ಕುರಿತು ಹೊರಡಿಸಿದ 'ಅಮೋರಿಸ್ ಲೆಟೀಶಿಯಾ' ಎಂಬ ಉಪದೇಶಪತ್ರವು ಇನ್ನೂ ಆಳಕ್ಕೆ ಇಳಿಯುತ್ತದೆ. ವಿದ್ಯುನ್ಮಾನ ಸಾಧನಗಳ ಮೂಲಕ ಮಕ್ಕಳ ಕೋಣೆಯೊಳಗೆ ಯಾರು ಬರುತ್ತಿದ್ದಾರೆಂಬುದನ್ನು ತಾಯ್ತಂದೆಗಳು ವಿಚಾರಿಸಲೇಬೇಕೆಂದು ಅವರು ಹೇಳುತ್ತಾರೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಮಗು ಎಲ್ಲಿದೆ, ಏನು ಮಾಡುತ್ತಿದೆ ಎಂದು ಸದಾ ಬೆನ್ನಟ್ಟುವ ಗೀಳು ಶಿಕ್ಷಣವಲ್ಲ. ಮಗು ಎದುರಿಸುವ ಎಲ್ಲ ಸಂದರ್ಭಗಳನ್ನೂ ಹಿರಿಯರು ಹಿಡಿತದಲ್ಲಿಡಲಾರರು. ಸ್ವಾತಂತ್ರ್ಯವನ್ನು ವಿವೇಕದಿಂದ ಬಳಸುವಂತೆ ಅದನ್ನು ಸಿದ್ಧಪಡಿಸಬೇಕು ಎಂಬುದು ಅವರ ಅಭಿಪ್ರಾಯ. ಊಟದ ಹೊತ್ತಿನಲ್ಲಿ ಮನೆಮಂದಿಯೆಲ್ಲ ತಮ್ಮ ತಮ್ಮ ಮೊಬೈಲು ನೋಡುತ್ತ ಕೂಡುವ ದುಃಸ್ಥಿತಿಯನ್ನೂ ಅವರು ಅಲ್ಲಿ ಪ್ರಸ್ತಾಪಿಸಿದ್ದಾರೆ.

ಅಮೆರಿಕದ ಎರಡು ದಾರಿಗಳು

ಅಮೆರಿಕದ ಪ್ರಾಟೆಸ್ಟಂಟ್ ಕುಟುಂಬಗಳಲ್ಲಿ ಎರಡು ಪದ್ಧತಿಗಳು ಕಂಡುಬರುತ್ತವೆ. ಒಂದು, ಯಂತ್ರವನ್ನು ಯಂತ್ರದಿಂದಲೇ ಕಾಯುವುದು. 2000ದಲ್ಲಿ ಮಿಷಿಗನ್ ರಾಜ್ಯದಲ್ಲಿ ಆರಂಭವಾದ 'ಕವನೆಂಟ್ ಐಸ್' ಎಂಬ ಸಂಸ್ಥೆಯ ತಂತ್ರಾಂಶವು, ಬಳಸುವವನು ಅಂತರಜಾಲದಲ್ಲಿ ನೋಡಿದುದರ ವರದಿಯನ್ನು ಅವನ ನಂಬುಗೆಯ ಒಬ್ಬರಿಗೆ ತಲುಪಿಸುತ್ತದೆ. ಇದರಿಂದ ಉಪಕಾರವಿಲ್ಲವೆಂದಲ್ಲ. ಆದರೆ ಕೇವಲ ವರದಿಯ ಭಯದಿಂದ ನಡೆಯುವ ಬಾಲಕನು ವರದಿಯಿಲ್ಲದ ಇನ್ನೊಂದು ಯಂತ್ರವನ್ನು ಹುಡುಕಿಕೊಳ್ಳುವುದು ಕಷ್ಟವಲ್ಲ.

ಇನ್ನೊಂದು, ಮನೆಯ ನಡೆಯನ್ನೇ ತಿದ್ದುವುದು. ಲೇಖಕ ಆಂಡಿ ಕ್ರೌಚ್ ಅವರು 2017ರಲ್ಲಿ ಪ್ರಕಟಿಸಿದ 'ದಿ ಟೆಕ್-ವೈಸ್ ಫ್ಯಾಮಿಲಿ' ಎಂಬ ಗ್ರಂಥವು ಇದಕ್ಕೆ ಮಾದರಿ. ದಿನಕ್ಕೊಂದು ಗಂಟೆ, ವಾರಕ್ಕೊಂದು ದಿನ, ವರ್ಷಕ್ಕೊಂದು ವಾರ ಯಂತ್ರಗಳಿಗೆ ವಿರಾಮ. ರಾತ್ರಿ ಮನೆಯವರಿಗಿಂತ ಮೊದಲು ಅವುಗಳನ್ನು ಮಲಗಿಸಿ, ಬೆಳಿಗ್ಗೆ ಅವುಗಳಿಗಿಂತ ಮೊದಲು ತಾವು ಏಳುವುದು. ಪ್ರಯಾಣದ ಹೊತ್ತನ್ನು ಸಂಭಾಷಣೆಗೆ ಮೀಸಲಿಡುವುದು. ಹತ್ತು ವರ್ಷದವರೆಗೆ ಮಕ್ಕಳಿಗೆ ಪರದೆಯನ್ನು ಕೊಡದಿರುವುದು. ಮಕ್ಕಳ ಸಾಧನಗಳನ್ನು ತಾಯ್ತಂದೆಗಳು ಪೂರ್ಣವಾಗಿ ನೋಡಬಹುದೆಂಬ ಕಟ್ಟಳೆಯ ಜೊತೆಗೆ, ಗಂಡಹೆಂಡಿರು ಪರಸ್ಪರರ ಪಾಸ್‌ವರ್ಡ್ ತಿಳಿದಿರಬೇಕೆಂಬ ಕಟ್ಟಳೆಯೂ ಅಲ್ಲಿದೆ. ಮಕ್ಕಳಿಗೆ ಹಾಕಿದ ಕಟ್ಟು ಹಿರಿಯರಿಗೂ ಅನ್ವಯಿಸುವುದೇ ಈ ಪದ್ಧತಿಯ ಬಲ. ವಿರಾಮದ ದಿನದ ಕಲ್ಪನೆಯು ಬೈಬಲ್ಲಿನ ಸಬ್ಬತ್ ದಿನದಿಂದ ಬಂದುದೆಂಬುದು ಸ್ಪಷ್ಟ.

ಒಬ್ಬ ಬಾಲಕನ ನಿದರ್ಶನ

ಇಟಲಿಯ ಮಿಲಾನಿನಲ್ಲಿ ಬೆಳೆದ ಕಾರ್ಲೊ ಅಕ್ಯೂಟಿಸ್ ಗಣಕಯಂತ್ರದಲ್ಲಿ ನಿಪುಣನಾಗಿದ್ದ ಬಾಲಕ. ವೀಡಿಯೊ ಆಟಕ್ಕೆ ವಾರಕ್ಕೊಂದೇ ಗಂಟೆಯೆಂದು ತಾನೇ ಮಿತಿ ಹಾಕಿಕೊಂಡಿದ್ದನೆಂದು ಅವನ ಚರಿತ್ರೆಕಾರರು ಹೇಳುತ್ತಾರೆ. ಅದೇ ಯಂತ್ರದಿಂದ ಅವನು ತನ್ನ ಧರ್ಮದ ಪವಾಡಗಳ ಸಂಗ್ರಹವನ್ನು ಸಿದ್ಧಪಡಿಸಿದನು. 2006ರಲ್ಲಿ ರಕ್ತದ ಕ್ಯಾನ್ಸರಿನಿಂದ 15ನೆಯ ವಯಸ್ಸಿನಲ್ಲಿ ತೀರಿಕೊಂಡ ಅವನನ್ನು ಪೋಪ್ ಹದಿನಾಲ್ಕನೆಯ ಲಿಯೋ ಅವರು 2025ರ ಸೆಪ್ಟೆಂಬರ್ 7ರಂದು ಸಂತನೆಂದು ಘೋಷಿಸಿದರು. ಯಂತ್ರವನ್ನು ದೂರವಿಟ್ಟವನನ್ನಲ್ಲ, ಅದನ್ನು ಮಿತಿಯಲ್ಲಿ ಬಳಸಿದವನನ್ನು ಆ ಸಮಾಜವು ಮಕ್ಕಳಿಗೆ ಆದರ್ಶವಾಗಿ ತೋರಿಸುತ್ತಿದೆ.

ಗೃಹಸ್ಥರು ಗ್ರಹಿಸಬೇಕಾದುದು

ಈ ಎಲ್ಲದರಿಂದ ನಮಗೆ ತೋರುವುದಿಷ್ಟು. ಎಳೆಯ ಮಗುವಿಗೆ ಕಾವಲು ಬೇಕು. ಅದನ್ನು ಬಿಟ್ಟುಕೊಡುವುದು ಪ್ರೀತಿಯಲ್ಲ, ಉದಾಸೀನ. ಆದರೆ ವಯಸ್ಸು ಏರಿದಂತೆ ಕಾವಲು ಸಡಿಲವಾಗಬೇಕು, ಮಾತುಕತೆ ಹೆಚ್ಚಬೇಕು. ಪರಿಶೀಲನೆ ಮಾಡುವುದಾದರೆ ಮಗುವಿಗೆ ತಿಳಿಸಿ ಮಾಡಬೇಕು. ಕದ್ದು ನೋಡುವ ತಂದೆಯಿಂದ ಮಗನು ಕಲಿಯುವುದು ಮುಚ್ಚಿಡುವುದನ್ನೇ. ನೋಡಬಾರದುದನ್ನು ನೋಡಿದೆನೆಂದೋ, ಅಪರಿಚಿತನೊಬ್ಬನು ಹೆದರಿಸುತ್ತಿದ್ದಾನೆಂದೋ ಮಗು ತಾನಾಗಿ ಬಂದು ಹೇಳಿದರೆ, ಆ ಕ್ಷಣ ಮೊಬೈಲನ್ನು ಕಸಿದು ಬೈಯುವವರು ಮುಂದಿನ ಸಲ ಆ ಬಾಯಿಯನ್ನು ತಾವೇ ಮುಚ್ಚಿಸಿದಂತಾಗುತ್ತದೆ. ಆಗ ಮಗುವು ಆ ಅಪರಿಚಿತನ ಕೈಯಲ್ಲಿ ಒಂಟಿಯಾಗುತ್ತದೆ. ಇದಕ್ಕಿಂತ ದೊಡ್ಡ ಹಾನಿ ಮತ್ತೊಂದಿಲ್ಲ.

ಆದುದರಿಂದ ತಾಯ್ತಂದೆಗಳು ಇಂದಿನ ರಾತ್ರಿಯ ಊಟದಿಂದಲೇ ಆರಂಭಿಸಲಿ. ಎಲ್ಲರ ಮೊಬೈಲುಗಳೂ ಒಂದು ಕಡೆ ಇರಲಿ, ಮೊದಲು ಹಿರಿಯರದು. ದಿನದ ಸುಖದುಃಖಗಳನ್ನು ಮಕ್ಕಳು ಮನೆಯವರ ಮುಂದೆಯೇ ಹೇಳಿಕೊಳ್ಳುವಂತಾಗಲಿ ಎಂದು ನಾವು ಹಾರೈಸುತ್ತೇವೆ.